ಮುದ್ರೆ ಸರ್ಕಾರದ್ದು, ಹೊಣೆ ಕೊಂಡವರದ್ದು

ಬೊಮ್ಮನಹಳ್ಳಿಯ ಸುತ್ತಮುತ್ತ ಮನೆ ಕೊಳ್ಳಲು ಹೊರಟವರು ವಕೀಲರ ಮುಂದೆ ಕೂತಾಗ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ. ಖಾತೆ ಇದೆಯಲ್ಲ, ಸಾಕಲ್ಲವೆ? ಬ್ಯಾಂಕು ಸಾಲ ಕೊಡಲು ಒಪ್ಪಿದೆ, ಅಂದ ಮೇಲೆ ಕಾಗದಪತ್ರ ಸರಿಯಿದೆ ಎಂದೇ ತಾನೆ? ಒಮ್ಮೆ ರಿಜಿಸ್ಟರ್ ಆಗಿಬಿಟ್ಟರೆ ಆಮೇಲೆ ಯಾರೇನು ಮಾಡಿಯಾರು? ಮೂರಕ್ಕೂ ಕಾನೂನಿನ ಉತ್ತರ ಜನರ ನಂಬಿಕೆಗೆ ತದ್ವಿರುದ್ಧ. ಖಾತೆ ತೆರಿಗೆ ಯಾರಿಂದ ವಸೂಲಾಗಬೇಕು ಎನ್ನುವ ದಾಖಲೆ, ಮಾಲೀಕತ್ವದ ಪುರಾವೆಯಲ್ಲ. ಬ್ಯಾಂಕು ಪತ್ರ ನೋಡುವುದು ತನ್ನ ದುಡ್ಡಿನ ಕಾವಲಿಗೆ. ನೋಂದಣಿಯಂತೂ ಇಬ್ಬರ ನಡುವೆ ವ್ಯವಹಾರ ನಡೆಯಿತು ಎಂಬುದಕ್ಕಷ್ಟೇ ಸಾಕ್ಷಿ. ಮಾರಿದವನಿಗೆ ಮಾರುವ ಹಕ್ಕಿತ್ತು ಎಂದು ಅದು ಹೇಳುವುದಿಲ್ಲ.

1908ರ ನೋಂದಣಿ ಕಾಯ್ದೆಯಲ್ಲಿ ಸಬ್ ರಿಜಿಸ್ಟ್ರಾರರಿಗೆ ಹಕ್ಕು ವಿಚಾರಿಸುವ ಅಧಿಕಾರವೇ ಇಲ್ಲ. ಮಾರುವವರು ಮೂಲಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಎಂದು ತಮಿಳುನಾಡು ಮಾಡಿಕೊಂಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಇದೇ ಕಾರಣಕ್ಕೆ ರದ್ದು ಮಾಡಿತು. ಈಗ ಹಣದ ಲೆಕ್ಕ ನೋಡೋಣ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. 80 ಲಕ್ಷದ ಮನೆಗೆ ಸರ್ಕಾರಕ್ಕೆ ಸಲ್ಲುವುದು 6 ಲಕ್ಷ ರೂಪಾಯಿಗೂ ಹೆಚ್ಚು. ಇಷ್ಟು ಪಡೆದ ಸರ್ಕಾರ ನಾಳೆ ತಕರಾರು ಬಂದರೆ, ಅದು ನಿಮ್ಮ ಪಾಡು, ಸಿವಿಲ್ ಕೋರ್ಟಿಗೆ ಹೋಗಿ ಎನ್ನುತ್ತದೆ. ಇದು ಅನ್ಯಾಯ. ಶುಲ್ಕ ತೆಗೆದುಕೊಳ್ಳುವ ಸರ್ಕಾರ ಹಕ್ಕಿಗೂ ಹೊಣೆ ಹೊರಬೇಕು ಎಂಬುದು ನನ್ನ ವಾದ.

ಬೊಮ್ಮನಹಳ್ಳಿಯಂಥ ಕಡೆ ಈ ವಾದಕ್ಕೆ ಬಲ ಹೆಚ್ಚು. ಹೊಸೂರು ರಸ್ತೆಯ ಪಕ್ಕದ ಈ ಹಳ್ಳಿಗಳು ಪಂಚಾಯ್ತಿಯಿಂದ ನಗರಸಭೆಯಾಗಿ, 2007ರಲ್ಲಿ ಬಿಬಿಎಂಪಿಗೆ ಸೇರಿ, ಈಗ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಬಂದಿವೆ. ಈ ನಡುವೆ ಹೊಂಗಸಂದ್ರ, ಬೇಗೂರು, ಕೋಡಿಚಿಕ್ಕನಹಳ್ಳಿಗಳ ಹೊಲಗಳು ಭೂಪರಿವರ್ತನೆ, ಬಡಾವಣೆ ನಕ್ಷೆ ಯಾವುದೂ ಇಲ್ಲದೆ ಮೂವತ್ತು-ನಲವತ್ತರ ರೆವಿನ್ಯೂ ಸೈಟುಗಳಾದವು. ಗಾರ್ಮೆಂಟ್ಸ್‌ನಲ್ಲಿ ದುಡಿದು ಚೀಟಿ ಎತ್ತಿ ಕೊಂಡವರ ಕೈಗೆ ಸಿಕ್ಕಿದ್ದು ಖನೇಷುಮಾರಿ ನಂಬರಿನ ಒಂದು ಕ್ರಯಪತ್ರ. ಎಷ್ಟೋ ಮಂದಿಗೆ ಅದೂ ಇಲ್ಲ, ಬರೀ ಜಿಪಿಎ, ಅಂದರೆ ಅಧಿಕಾರಪತ್ರ. ಜಿಪಿಎ ಮೂಲಕ ಮಾಡಿದ ಮಾರಾಟದಿಂದ ಹಕ್ಕು ವರ್ಗವಾಗುವುದಿಲ್ಲ ಎಂದು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿತು. ಇಷ್ಟೂ ಕಾಲ ಸರ್ಕಾರ ಕಣ್ಣು ಮುಚ್ಚಿರಲಿಲ್ಲ. ಪತ್ರ ನೋಂದಾಯಿಸಿತು, ಕಂದಾಯ ಕಟ್ಟಿಸಿಕೊಂಡಿತು, ಕರೆಂಟು ಕೊಟ್ಟಿತು, ಕೊನೆಗೆ ಬಿ ಖಾತೆ ಎಂದು ಬೇರೆ ಸಾಲಿನಲ್ಲಿ ಕೂರಿಸಿತು.

2016ರ ಆಗಸ್ಟ್‌ನಲ್ಲಿ ಬೊಮ್ಮನಹಳ್ಳಿ ವಲಯದ ಅವನಿ ಶೃಂಗೇರಿ ನಗರಕ್ಕೆ ಜೆಸಿಬಿ ಬಂದದ್ದು ಓದುಗರಿಗೆ ನೆನಪಿರಬಹುದು. ರಾಜಕಾಲುವೆ ಒತ್ತುವರಿ ಎಂದು ಹಳೆಯ ಗ್ರಾಮನಕ್ಷೆ ಹಿಡಿದು ಮನೆಗಳನ್ನು ಕೆಡವಿದರು. ನೋಂದಾಯಿತ ಪತ್ರ, ಖಾತೆ, ತೆರಿಗೆ ರಸೀದಿ, ಬ್ಯಾಂಕ್ ಸಾಲ ಎಲ್ಲವೂ ಇವೆ ಎಂದು ನಿವಾಸಿಗಳು ಕೇಳಿಕೊಂಡರು. ಕೆರೆ-ಕಾಲುವೆ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಇಲಾಖೆಯ ನಕ್ಷೆಯಲ್ಲಿ ಕಾಲುವೆಯಾಗಿದ್ದ ಜಾಗ ಇನ್ನೊಂದು ಇಲಾಖೆಯ ಪುಸ್ತಕದಲ್ಲಿ ಮನೆಯಾಗಿ ದಾಖಲಾಗಿದ್ದರೆ, ಆ ತಪ್ಪಿನ ದಂಡ ಮನೆಯವರೊಬ್ಬರೇ ತೆರಬೇಕೆ?

ಎಲ್ಲರೂ ನೆಚ್ಚಿಕೊಳ್ಳುವ ಋಣಭಾರ ಪ್ರಮಾಣಪತ್ರವನ್ನೇ, ಅಂದರೆ ಇ.ಸಿ.ಯನ್ನೇ ತೆಗೆದುಕೊಳ್ಳಿ. ಫಾರಂ 15ರಲ್ಲಿ ಸಾಲು ಸಾಲಾಗಿ ಆಸ್ತಿಯ ವಿವರ, ಚಕ್ಕುಬಂದಿ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜು ಸಂಖ್ಯೆ ಇರುತ್ತವೆ. ಆದರೆ ಅದರಲ್ಲಿ ಬರುವುದು ನೋಂದಣಿಯಾದದ್ದು ಮಾತ್ರ. ನೋಂದಾಯಿಸದ ಉಯಿಲು ಅಲ್ಲಿಲ್ಲ. ಬಾಯಿಮಾತಿನ ಪಾಲುಪಟ್ಟಿ ಅಲ್ಲಿಲ್ಲ. ತಂದೆ ತೀರಿಕೊಂಡಾಗ ತಾನಾಗಿಯೇ ಹುಟ್ಟಿದ ಹೆಣ್ಣುಮಕ್ಕಳ ಪಾಲೂ ಅಲ್ಲಿಲ್ಲ. ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕನ ಸಹಿ ಇಲ್ಲದೆ ಅಣ್ಣತಮ್ಮಂದಿರು ಪಿತ್ರಾರ್ಜಿತ ಜಮೀನು ಮಾರಿದ್ದರೆ ಇ.ಸಿ. ಸ್ವಚ್ಛವಾಗಿಯೇ ಕಾಣುತ್ತದೆ. ದಾವಾ ಬೀಳುವುದು ಆಮೇಲೆ.

ಹೊಣೆ ಹೊರಿಸುವುದು ಅಸಾಧ್ಯವೇನಲ್ಲ. 2016ರ ರೇರಾ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಜಮೀನಿನ ಹಕ್ಕಿನಲ್ಲಿ ದೋಷವಿದ್ದು ಫ್ಲ್ಯಾಟು ಕೊಂಡವರಿಗೆ ನಷ್ಟವಾದರೆ ಬಿಲ್ಡರು ಪರಿಹಾರ ಕೊಡಬೇಕು. ಅದಕ್ಕೆ ಕಾಲಮಿತಿಯ ಅಡ್ಡಿಯೂ ಇಲ್ಲ. ಬಿಲ್ಡರಿಗೆ ಅನ್ವಯಿಸುವ ಈ ನ್ಯಾಯ ಶುಲ್ಕ ಪಡೆಯುವ ಸರ್ಕಾರಕ್ಕೆ ಏಕೆ ಅನ್ವಯಿಸಬಾರದು? ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ 1858ರಲ್ಲೇ ಸರ್ಕಾರ ಹಕ್ಕಿಗೆ ಖಾತರಿ ಕೊಡುವ ಪದ್ಧತಿ ತಂದ. ರಾಜಸ್ಥಾನ 2016ರಲ್ಲಿ ನಗರದ ಆಸ್ತಿಗಳಿಗೆ ಹಕ್ಕು ಪ್ರಮಾಣೀಕರಿಸುವ ಕಾಯ್ದೆ ಮಾಡಿತು. ನಮ್ಮಲ್ಲೂ 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಮೋಸಕ್ಕೆ ಅದು ತಡೆಯೊಡ್ಡುತ್ತದೆ. ಆದರೆ ಕಂಪ್ಯೂಟರಿಗೆ ಏರಿದ ಮಾತ್ರಕ್ಕೆ ಖಾತೆ ಹಕ್ಕುಪತ್ರವಾಗುವುದಿಲ್ಲ.

ಸರ್ಕಾರವೇ ಹಕ್ಕಿಗೆ ಖಾತರಿ ಕೊಡಲಿ ಎನ್ನುವ ವಾದಕ್ಕೊಂದು ಗಟ್ಟಿ ಆಕ್ಷೇಪ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಸರ್ಕಾರ ಒಮ್ಮೆ ಇವರೇ ಮಾಲೀಕರು ಎಂದು ಮುದ್ರೆ ಒತ್ತಿದರೆ ದಾಖಲೆಯಲ್ಲಿ ಹೆಸರಿಲ್ಲದವರ ಹಕ್ಕು ಅಲ್ಲಿಗೇ ಮುಗಿಯುತ್ತದೆ. ಹಾಗೆ ಹೆಸರಿಲ್ಲದವರು ಸಾಮಾನ್ಯವಾಗಿ ಹೆಣ್ಣುಮಕ್ಕಳು, ಪರಿಶಿಷ್ಟರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕದ 1994ರ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಇವುಗಳಿಂದ ಹೆಣ್ಣುಮಕ್ಕಳಿಗೆ ದಕ್ಕಿದ ಪಾಲು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ ಕೊಟ್ಟ ರಕ್ಷಣೆ, ಎರಡೂ ಕೊಚ್ಚಿಹೋಗಬಾರದು. ಹಾಗಾಗಿ ಖಾತರಿ ಕೊಡುವ ಮೊದಲು ವಂಶವೃಕ್ಷದ ಪ್ರತಿಯೊಬ್ಬರಿಗೂ ನೋಟಿಸು ಹೋಗಬೇಕು, ಆಕ್ಷೇಪಕ್ಕೆ ವರ್ಷಗಳ ಅವಧಿ ಬೇಕು. ಆಮೇಲೂ ತಪ್ಪು ನಡೆದರೆ ಪರಿಹಾರ ಕೊಡಲು ನೋಂದಣಿ ಶುಲ್ಕದ ಒಂದು ಪಾಲನ್ನು ನಿಧಿಯಾಗಿ ಎತ್ತಿಡಬೇಕು. ಶುಲ್ಕ ದುಪ್ಪಟ್ಟು ಮಾಡಿದ ಸರ್ಕಾರಕ್ಕೆ ಇದಕ್ಕೆ ಹಣವಿಲ್ಲ ಎನ್ನುವ ನೆಪ ಉಳಿದಿಲ್ಲ.

ಅಲ್ಲಿಯವರೆಗೆ ಕೊಳ್ಳುವವರೇ ಎಚ್ಚರ ವಹಿಸಬೇಕು. ಅಡ್ವಾನ್ಸ್ ಕೊಡುವ ಮೊದಲೇ ಮೂಲಪತ್ರದಿಂದ ಈಚಿನ ಸರಪಳಿ, ಕನಿಷ್ಠ ಮೂವತ್ತು ವರ್ಷದ ಇ.ಸಿ., ಸರ್ವೆ ನಂಬರಿನ ಹಳೆಯ ಪಹಣಿ, ಗ್ರಾಮನಕ್ಷೆ, ಭೂಪರಿವರ್ತನೆ ಆದೇಶ ತರಿಸಿ ಓದಿಸಿ. ಜಮೀನು ಯಾರದೋ ಮಂಜೂರಾತಿಯಿಂದ ಬಂದದ್ದೇ ಎಂದು ಕೇಳಿ. ವಂಶವೃಕ್ಷದಲ್ಲಿರುವ ಹೆಣ್ಣುಮಕ್ಕಳ ಸಹಿ ಕ್ರಯಪತ್ರದಲ್ಲೇ ಇರಲಿ, ಸಾಕ್ಷಿಗಳಾಗಿ ಅಲ್ಲ, ಮಾರುವವರಾಗಿ. ಆಕ್ಷೇಪಣೆ ಆಹ್ವಾನಿಸುವ ಸಾರ್ವಜನಿಕ ಪ್ರಕಟಣೆಯನ್ನು ಇಂಗ್ಲಿಷ್ ಪತ್ರಿಕೆಯ ಮೂಲೆಯಲ್ಲಿ ಹಾಕಿಸಿ ಕೈತೊಳೆದುಕೊಳ್ಳಬೇಡಿ. ಆ ಜಮೀನಿನ ಹಳೆಯ ಮನೆತನದವರು ಓದುವ ಕನ್ನಡ ಪತ್ರಿಕೆಯಲ್ಲಿ ಹಾಕಿಸಿ.