ಜಾಲ ಬದಲಿಸುವವನ ಪಾಡು

ಪೂರ್ಣ ಪೈಪೋಟಿಯ ಮಾರುಕಟ್ಟೆಯ ಲಕ್ಷಣಗಳನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿರುವೆವು. ಉದ್ಯಮಸಂಸ್ಥೆಗಳು ಮಾರುಕಟ್ಟೆಯನ್ನು ಹೊಗುವುದಕ್ಕೂ ಅಲ್ಲಿಂದ ಹೊರಬೀಳುವುದಕ್ಕೂ ಅಡ್ಡಿಯಿರಬಾರದೆಂಬುದು ಅವುಗಳಲ್ಲೊಂದು. ಕೊಳ್ಳುವವನು ಹೊರಬೀಳುವ ಮಾತನ್ನು ಪಠ್ಯಪುಸ್ತಕ ಅಷ್ಟಾಗಿ ಎತ್ತುವುದಿಲ್ಲ. ಸಂತೆಯಲ್ಲಿ ಒಬ್ಬನ ಬದನೆಕಾಯಿ ಹುಳುಕಾದರೆ ಪಕ್ಕದ ಗುಡ್ಡೆಗೆ ಹೋಗುವುದು ಎರಡು ಹೆಜ್ಜೆಯ ಕೆಲಸ. ಅದನ್ನು ಹೇಳುವ ಅಗತ್ಯ ತೋರಿರಲಾರದು. ಮೊಬೈಲ್ ಫೋನಿನ ವಿಷಯದಲ್ಲಿ ಮಾತ್ರ ಆ ಎರಡು ಹೆಜ್ಜೆಗಳ ನಡುವೆ ಮುಳ್ಳುಗಳು ಹೇರಳವಾಗಿವೆ.

ಸಂಖ್ಯೆಯನ್ನು ಉಳಿಸಿಕೊಂಡೇ ಜಾಲವನ್ನು ಬದಲಿಸುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಮೊದಲಾಗಿ, 2011ರ ಜನವರಿ 20ರಿಂದ ದೇಶಕ್ಕೆಲ್ಲ ಹಬ್ಬಿತು. ಇದು ಸಣ್ಣ ಉಪಕಾರವಲ್ಲ. ಬ್ಯಾಂಕು, ಆಧಾರ್, ವಿದ್ಯಾರ್ಥಿವೇತನ ಎಲ್ಲವನ್ನೂ ಹತ್ತು ಅಂಕಿಗಳ ದಾರಕ್ಕೆ ಪೋಣಿಸಿರುವ ಈ ಕಾಲದಲ್ಲಿ ಸಂಖ್ಯೆ ಕಳೆದುಕೊಳ್ಳುವುದೆಂದರೆ ಮನೆಯ ಬೀಗದಕೈ ಕಳೆದುಕೊಂಡಂತೆಯೇ ಸರಿ. 1900ಕ್ಕೆ ‘ಪೋರ್ಟ್’ ಎಂದು ಬರೆದು, ತನ್ನ ಸಂಖ್ಯೆಯನ್ನು ಸೇರಿಸಿ ಕಳುಹಿಸಿದರೆ ಎಂಟಕ್ಷರದ ಸಂಕೇತವೊಂದು ಬರುತ್ತದೆ. ಅದನ್ನು ಹೊಸ ಕಂಪನಿಗೆ ಒಪ್ಪಿಸಿದರೆ, ಒಂದೇ ವಲಯದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕೆಂಬುದು 2019ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರವನ್ನೇರಿಸಿದಾಗ ಬಹುಮಂದಿ ಬಿ.ಎಸ್.ಎನ್.ಎಲ್.ಗೆ ಹೋದುದು ಈ ಬಾಗಿಲಿನಿಂದಲೇ.

ಹೋಗುವ ಬಾಗಿಲೇನೋ ತೆರೆದಿದೆ. ಆದರೆ ಹೋದವನಿಗೆ ಹೊಸ ಮನೆ ಸೋರುತ್ತದೆಂದು ತಿಳಿದರೆ? ನನ್ನ ತಕರಾರು ಇರುವುದು ಇಲ್ಲಿಯೇ.

ನಿಯಮದಲ್ಲಿ ಮನಸ್ಸು ಬದಲಿಸಲು ಅವಕಾಶವಿಲ್ಲವೆಂದಲ್ಲ. ಅರ್ಜಿ ಕೊಟ್ಟ 24 ಗಂಟೆಗಳೊಳಗೆ ‘ಕ್ಯಾನ್ಸಲ್’ ಎಂದು ಸಂದೇಶ ಕಳುಹಿಸಿ ಹಿಂದೆಗೆಯಬಹುದು. ವಾಚಕರು ಈ ಲೆಕ್ಕವನ್ನು ಸ್ವಲ್ಪ ಗಮನಿಸಬೇಕು. ಬದಲಾವಣೆಗೆ ಮೂರು ದಿನ. ಬೇಡವೆನ್ನುವುದಕ್ಕೆ ಒಂದೇ ದಿನ. ಆ ಒಂದು ದಿನದಲ್ಲಿ ಫೋನು ಇನ್ನೂ ಹಳೆಯ ಜಾಲದಲ್ಲಿಯೇ ಇರುತ್ತದೆ! ಎಲೆಗೆ ಬಡಿಸುವ ಮೊದಲೇ ಉಪ್ಪು ಸಾಲದೆಂದು ಹೇಳತಕ್ಕದ್ದು, ಬಡಿಸಿದ ಮೇಲೆ ತುಟಿ ಬಿಚ್ಚತಕ್ಕದ್ದಲ್ಲ. ಹೊಸ ಜಾಲ ಸೇರಿದ ದಿನದಿಂದ 90 ದಿನ ತುಂಬುವ ತನಕ ಮತ್ತೆ ಬದಲಿಸುವಂತೆಯೂ ಇಲ್ಲ. ಬಿಟ್ಟುಬಂದ ಜಾಲದಲ್ಲಿ ಉಳಿದಿದ್ದ ಹಣವೋ, ಅದು ಅಲ್ಲಿಗೇ ಮುಳುಗಿತು.

ನಮ್ಮ ಊರು ಗುಡ್ಡದ ಮರೆಯಲ್ಲಿದೆ. ಕಳೆದ ವರ್ಷ ಸಂತೆಯಲ್ಲಿ ಬಣ್ಣದ ಕೊಡೆ ಬಿಡಿಸಿ ಕುಳಿತಿದ್ದವನೊಬ್ಬ, ‘ನಿಮ್ಮೂರಿನಲ್ಲಿ ನಾಲ್ಕು ಗೆರೆ ಬರುತ್ತದೆ ಯಜಮಾನರೆ’ ಎಂದು ನಮ್ಮ ತಂದೆಯವರ ಸಂಖ್ಯೆಯನ್ನು ತನ್ನ ಕಂಪನಿಗೆ ಸೇರಿಸಿ, 84 ದಿನಗಳ ಹಣವನ್ನು ಒಟ್ಟಿಗೆ ಪಡೆದ. ತಂದೆಯವರು ಓದಿದವರಲ್ಲ, ಓದಿದ ನಾನೇ ಇದ್ದಿದ್ದರೂ ಗುಡ್ಡದಾಚೆಯ ಗೆರೆಗಳನ್ನು ಸಂತೆಯಲ್ಲಿ ನಿಂತು ಎಣಿಸಲು ಆಗುತ್ತಿರಲಿಲ್ಲ. ಮೂರನೆಯ ದಿನ ಹೊಸ ಜಾಲ ಬಂದಿತು, ಗೆರೆಗಳು ಬರಲಿಲ್ಲ. ನನ್ನ ವಿದ್ಯಾರ್ಥಿವೇತನದ ಓ.ಟಿ.ಪಿ. ಬರುವುದು ಅದೇ ಸಂಖ್ಯೆಗೆ. ಸಂದೇಶ ಹಿಡಿಯಲು ತಂದೆಯವರು ಗದ್ದೆಯ ಕೆಲಸ ಬಿಟ್ಟು ಗುಡ್ಡ ಹತ್ತಬೇಕು. ಹತ್ತಿ ಕೂಗಿ ಹೇಳುವಷ್ಟರಲ್ಲಿ ಅದರ ಆಯುಸ್ಸು ಮುಗಿದಿರುತ್ತದೆ. ನಾಲ್ಕು ದಿನ ಹೀಗೆಯೇ ಕಳೆದು, ಕಡೆಗೆ ಒಂದು ದಿನದ ಕೂಲಿ ಬಿಟ್ಟು ಅವರೇ ಬಸ್ಸು ಹತ್ತಿ ಫೋನಿನೊಡನೆ ಇಲ್ಲಿಗೆ ಬಂದರು. ಕೊಡೆಯವನನ್ನು ಕೇಳಿದರೆ, ‘90 ದಿನ ಆಗಲಿ’ ಎಂದ. ಕೊಂಡದ್ದು 84 ದಿನದ್ದು, ಕಟ್ಟು 90 ದಿನದ್ದು. ನಡುವಿನ ಆರು ದಿನ ಬಾಯಿ ಕಟ್ಟಿದ ಫೋನನ್ನು ಇಟ್ಟುಕೊಳ್ಳಬೇಕು, ಇಲ್ಲವೆ ಮತ್ತೊಮ್ಮೆ ಹಣ ತೆರಬೇಕು.

ಜಾಲ ಎಲ್ಲೆಲ್ಲಿ ಸಿಗುತ್ತದೆಂಬ ನಕ್ಷೆಯನ್ನು ಕಂಪನಿಗಳು ಪ್ರಕಟಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2024ರಲ್ಲಿ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ನಕ್ಷೆಯ ಬಣ್ಣ ಹೆಂಚಿನ ಮನೆಯ ಒಳಕೋಣೆಯ ಸಂಗತಿಯನ್ನು ಹೇಳಲಾರದು. ಅದನ್ನು ಬಳಸಿಯೇ ತಿಳಿಯಬೇಕು.

ಈ ವಿಷಯದಲ್ಲಿ ನನ್ನೊಡನೆ ವಾದಿಸಿದ ಸಹಪಾಠಿಯೊಬ್ಬರ ಮಾತಿನಲ್ಲಿಯೂ ತಥ್ಯವಿದೆ. ಬೇಕೆಂದಾಗ ಬಂದು ಬೇಡವೆಂದಾಗ ಹೋಗುವಂತಾದರೆ ಜನ ಉಚಿತ ಕೊಡುಗೆಗಾಗಿ ವಾರಕ್ಕೊಂದು ಕಂಪನಿ ಸುತ್ತುವರು, ಮೋಸಗಾರರಿಗೂ ಹಾದಿಯಾಗುವುದು ಎಂಬುದು ಅವರ ವಾದ. ಸಿಮ್ ಬದಲಿಸಿದ ಮೇಲೆ 7 ದಿನ ಜಾಲಾಂತರದ ಸಂಕೇತ ಕೊಡಬಾರದೆಂದು 2024ರ ಜುಲೈ 1ರಿಂದ ಬಂದಿರುವ ಕಟ್ಟಳೆ ಮೋಸ ತಡೆಯುವುದಕ್ಕಾಗಿ ಇದೆ. ಅದನ್ನು ನಾನು ಒಪ್ಪುತ್ತೇನೆ. ಬಳಕೆದಾರನನ್ನು ಕಾಯುವ ತಡೆ ಬೇರೆ, ಹಿಡಿದಿಡುವ ತಡೆ ಬೇರೆ. ಕಂಪನಿಗಳು ಎರಡನೆಯದರಲ್ಲಿ ಎಷ್ಟು ನಿಪುಣರೆಂದರೆ, ಅಗ್ಗದ ಪ್ಯಾಕಿನವರಿಗೂ 1900ಕ್ಕೆ ಸಂದೇಶ ಕಳುಹಿಸಲು ಅವಕಾಶ ಕೊಡಿರೆಂದು 2021ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶಿಸಬೇಕಾಯಿತು. ಬಡವನ ಪ್ಯಾಕಿನಲ್ಲಿ ಬಿಟ್ಟುಹೋಗುತ್ತೇನೆಂದು ಹೇಳುವಷ್ಟು ಮಾತಿಗೂ ಜಾಗವಿರಲಿಲ್ಲ!

ಬ್ರಿಟನ್ನಿನಲ್ಲಿ ಅಂಗಡಿಗೆ ಹೋಗದೆ ದೂರದಿಂದ ಮಾಡಿಕೊಂಡ ಫೋನಿನ ಕರಾರನ್ನು 14 ದಿನಗಳೊಳಗೆ ಕಾರಣ ಹೇಳದೆಯೇ ರದ್ದುಪಡಿಸಬಹುದು. ಬಳಸಿದಷ್ಟಕ್ಕೆ ಹಣ ತೆತ್ತರೆ ಸಾಕು. 2013ರ ನಿಯಮಾವಳಿ ಅದು. ಅಲ್ಲಿನ ಕಂಪನಿಗಳು ಇದರಿಂದ ಮುಚ್ಚಿಹೋದುದನ್ನು ನಾನು ಕೇಳಿಲ್ಲ.

ನಮಗೂ ಅಷ್ಟೇ ಬೇಕು, ಕೊಂಡದ್ದು ಅಂಗಡಿಯಲ್ಲಾಗಲಿ ಕೊಡೆಯ ಕೆಳಗಾಗಲಿ. ಹೊಸ ಜಾಲ ಚಾಲೂ ಆದ ದಿನದಿಂದ 14 ದಿನಗಳೊಳಗೆ ಹಳೆಯದಕ್ಕೆ ಮರಳುವವನಿಗೆ 90 ದಿನದ ಕಟ್ಟು ತಗಲಬಾರದು. ಬಳಸಿದ ದಿನಗಳ ಹಣ ಮುರಿದುಕೊಂಡು ಉಳಿದುದನ್ನು ಹಿಂದಿರುಗಿಸಬೇಕು. ನಿಯಮ ತಿದ್ದುವಾಗ ಟ್ರಾಯ್ ಸಾರ್ವಜನಿಕರ ಅಭಿಪ್ರಾಯವನ್ನು ಲಿಖಿತವಾಗಿ ಕೇಳುವ ಪದ್ಧತಿಯುಂಟು. ಅದಕ್ಕಾಗಿ ಒಂದು ಮನವಿಯ ಕರಡನ್ನು ಸಿದ್ಧಪಡಿಸಿ ವಾಚನಾಲಯದ ಮೇಜಿನ ಮೇಲೆ ಇರಿಸಿದ್ದೇನೆ. ಕಾನೂನು ಬಲ್ಲ ಅಧ್ಯಾಪಕರು ಯಾರಾದರೂ ತಿದ್ದಿಕೊಟ್ಟರೆ, ಪರೀಕ್ಷೆಗೆ ಮುಂಚೆಯೇ ಸಹಿ ಮಾಡಿಸಿ ಅಂಚೆಗೆ ಹಾಕಬಹುದು.