ಸೋರಿಯಾಸಿಸ್ ಇದ್ದವರ ಬಿ.ಪಿ.ಯನ್ನೂ ನೋಡಿ



ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯನ್ನು ಮೆಚ್ಚುವವರಲ್ಲಿ ನಾನೂ ಒಬ್ಬ. 2021ರ ಆಗಸ್ಟ್‌ನಲ್ಲಿ ಅದು ಶುರುವಾದದ್ದು ಕರ್ನಾಟಕದ ಗಡಿಗೆ ತಾಗಿರುವ ಕೃಷ್ಣಗಿರಿ ಜಿಲ್ಲೆಯಿಂದ. ಮನೆಬಾಗಿಲಿಗೇ ಬಂದು ಬಿ.ಪಿ., ಶುಗರ್ ನೋಡಿ ಮಾತ್ರೆ ಕೊಟ್ಟುಹೋಗುತ್ತಾರೆ. ಇಷ್ಟೆಲ್ಲ ಇರುವ ಚೆನ್ನೈನಲ್ಲಿ ನನ್ನ ತಮ್ಮ ಸೋರಿಯಾಸಿಸ್‌ಗೆಂದು ವರ್ಷಗಟ್ಟಲೆ ಚರ್ಮದ ಡಾಕ್ಟರ ಬಳಿ ಓಡಾಡಿದ. ಮುಲಾಮು ಬದಲಾಯಿತು, ಶಾಂಪೂ ಬದಲಾಯಿತು; ಕೊಲೆಸ್ಟರಾಲ್ ಎಷ್ಟಿದೆ ಎಂದು ಯಾರೂ ಕೇಳಲಿಲ್ಲ.

ಸೋರಿಯಾಸಿಸ್ ಅಂಟುರೋಗವಲ್ಲ, ಬರೀ ಚರ್ಮದ ರೋಗವೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ಉಂಟಾಗುವ ಉರಿಯೂತ. ನೆತ್ತಿ, ಮೊಣಕೈ ಮೇಲೆ ಹೊಟ್ಟು ಏಳಿಸುವ ಆ ಉರಿಯೂತ ರಕ್ತನಾಳಗಳ ಒಳಗೋಡೆಯನ್ನೂ ಕೆಡಿಸಿ ಕೊಬ್ಬು ಕಟ್ಟಲು ದಾರಿ ಮಾಡುತ್ತದೆ. ಜನ ಮುಖ ಸಿಂಡರಿಸುತ್ತಾರೆಂದು ಮರೀನಾ ಬೀಚ್‌ನಲ್ಲಿ ನಡೆದಾಡುವುದನ್ನೂ ಬಿಟ್ಟು ಮೈ ಬೆಳೆಸಿಕೊಂಡವರ ಪಾಡು ಇನ್ನೂ ಕಷ್ಟ. ಬ್ರಿಟನ್ನಿನ ರೋಗಿಗಳ ದಾಖಲೆ ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ತೀವ್ರ ಸೋರಿಯಾಸಿಸ್ ಇರುವ 30ರ ವಯಸ್ಸಿನವರಿಗೆ ಹೃದಯಾಘಾತದ ಸಾಧ್ಯತೆ ಆ ರೋಗ ಇಲ್ಲದವರಿಗಿಂತ ಸುಮಾರು ಮೂರು ಪಟ್ಟು. ಆ ಪ್ರಾಯದಲ್ಲಿ ಹೃದಯಾಘಾತವೇ ಅಪರೂಪ, ಹಾಗಾಗಿ ಹೆದರಿ ಕೂರಬೇಕಿಲ್ಲ. ತಪಾಸಣೆ ಮಾತ್ರ ತಪ್ಪಬಾರದು. ಅಮೆರಿಕದ ಹೃದ್ರೋಗ ಸಂಸ್ಥೆಗಳ 2018ರ ಕೊಲೆಸ್ಟರಾಲ್ ಮಾರ್ಗಸೂಚಿ ಸೋರಿಯಾಸಿಸ್ಸನ್ನು ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಸೇರಿಸಿದೆ. ಅದೇ ಪಟ್ಟಿಯಲ್ಲಿ ದಕ್ಷಿಣ ಏಷ್ಯಾ ಮೂಲದವರು ಎಂಬುದೂ ಇದೆ. ನಮ್ಮಲ್ಲಿ ಸೋರಿಯಾಸಿಸ್ ಇದ್ದವರಿಗೆ ಎರಡೂ ಅನ್ವಯಿಸುತ್ತವೆ.

ಚರ್ಮರೋಗ ವಿಭಾಗದಲ್ಲಿ ಜನಜಂಗುಳಿ, ಡಾಕ್ಟರಿಗೆ ಪುರುಸೊತ್ತೆಲ್ಲಿ ಎಂಬ ಉತ್ತರ ಬರಬಹುದು. ಬಿ.ಪಿ. ನೋಡಲು, ತೂಕ ಬರೆದುಕೊಳ್ಳಲು ಡಾಕ್ಟರೇ ಬೇಕೆ? ಕಾಯುವವರ ಸಾಲಿನಲ್ಲೇ ನರ್ಸ್ ಮುಗಿಸಬಹುದು. ಈ ರೋಗಕ್ಕೆ ಕೊಡುವ ಸೈಕ್ಲೋಸ್ಪೋರಿನ್ ತಾನೇ ಬಿ.ಪಿ. ಏರಿಸಬಲ್ಲದು, ಅಂಥ ಮಾತ್ರೆ ನುಂಗುವವರ ಬಿ.ಪಿ. ನೋಡದಿರುವುದಕ್ಕೆ ಯಾವ ಸಮಜಾಯಿಷಿಯೂ ಸಲ್ಲದು. ಧೂಮಪಾನದ ವಿಚಾರವನ್ನೂ ಅಲ್ಲೇ ಕೇಳಲಿ. ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಗೆ ಅದೇ ಚೀಟಿಯಲ್ಲಿ ಬರೆದುಕೊಡಲಿ.

ಮನೆಮನೆಗೆ ಹೋಗುವ ಕಾರ್ಯಕರ್ತೆಯರ ನಮೂನೆಯಲ್ಲಿ ‘ಸೋರಿಯಾಸಿಸ್ ಇದೆಯೇ’ ಎಂಬ ಪ್ರಶ್ನೆಯೊಂದು ಸೇರಲಿ. ಇಂಥದ್ದೇ ಆದ ಕರ್ನಾಟಕದ ‘ಗೃಹ ಆರೋಗ್ಯ’ ಯೋಜನೆಯವರಿಗೂ ನನ್ನ ಕೋರಿಕೆ ಇದೇ.

— ಕನ್ನಡಿಗ ಓದುಗ, ಟಿ. ನಗರ, ಚೆನ್ನೈ