ಸಿ.ಆರ್.ಪಿ. ಪರೀಕ್ಷೆ: ಹೊತ್ತಿಗಿಂತ ಮೈಸ್ಥಿತಿ ಮುಖ್ಯ

ಹೃದಯದ ತಪಾಸಣೆಗೆ ಹೋದವರ ರಕ್ತಪರೀಕ್ಷೆಯ ಪಟ್ಟಿಯಲ್ಲಿ ‘ಹೈ ಸೆನ್ಸಿಟಿವಿಟಿ ಸಿ.ಆರ್.ಪಿ.’ ಎಂಬ ಹೆಸರನ್ನು ನೀವು ನೋಡಿರಬಹುದು. ಪಿತ್ತಜನಕಾಂಗದಲ್ಲಿ ತಯಾರಾಗುವ ಈ ಪ್ರೋಟೀನು, ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚುತ್ತದೆ. ರಕ್ತನಾಳಗಳಲ್ಲಿ ಸದ್ದಿಲ್ಲದೆ ನಡೆಯುವ ಉರಿಯೂತದ ಸುಳಿವನ್ನೂ ಇದು ಕೊಡಬಲ್ಲದು.

ರಕ್ತವನ್ನು ಬೆಳಿಗ್ಗೆಯೇ ಕೊಡಬೇಕೇ, ಖಾಲಿ ಹೊಟ್ಟೆಯಲ್ಲಿರಬೇಕೇ ಎಂದು ಅನೇಕರು ಕೇಳುತ್ತಾರೆ. ಈ ಪರೀಕ್ಷೆಯ ಮಟ್ಟಿಗೆ ಎರಡೂ ಅಗತ್ಯವಿಲ್ಲ. ಆರೋಗ್ಯವಂತರ ರಕ್ತವನ್ನು ಹಗಲಿರುಳು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊತ್ತಿಗೆ ತಕ್ಕಂತೆ ಸಿ.ಆರ್.ಪಿ. ಏರಿಳಿಯುವುದು ಕಂಡುಬರಲಿಲ್ಲ. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 19 ಗಂಟೆ ಬೇಕು.

ಆದರೆ ಜ್ವರ, ಹಲ್ಲಿನ ಕೀವು, ಪೆಟ್ಟು ಮುಂತಾದವುಗಳಿಂದ ಇದು ಹಲವು ಪಟ್ಟು ಏರೀತು. ಅಂಥ ಸಮಯದಲ್ಲಿ ಪರೀಕ್ಷಿಸಿಕೊಂಡು ಮನೆಮಂದಿಯೆಲ್ಲ ಗಾಬರಿಯಾದರೆ, ದುಡ್ಡು ಕೊಟ್ಟು ಭಯವನ್ನು ಕೊಂಡಂತೆಯೇ ಸರಿ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2003ರಲ್ಲಿ ಸೂಚಿಸಿದ ಪ್ರಕಾರ, ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯ ಕಡಿಮೆ. 3ಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು. 10 ದಾಟಿದರೆ ಮೊದಲು ಸೋಂಕೇನಾದರೂ ಇದೆಯೇ ಎಂದು ನೋಡಬೇಕು. ಆದ್ದರಿಂದ ಒಂದೇ ವರದಿಯನ್ನು ನಂಬಬೇಡಿ. ಮೈ ಸ್ವಸ್ಥವಾಗಿರುವಾಗ, ಎರಡು ವಾರಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿಕೊಂಡು ವೈದ್ಯರಿಗೆ ತೋರಿಸಿ.

ಧೂಮಪಾನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜುಗಳನ್ನು ಕಡೆಗಣಿಸಿ ಈ ಅಂಕಿಯೊಂದನ್ನೇ ಹಿಡಿದು ಕೂರುವುದು ಜಾಣತನವಲ್ಲ. ಎದೆನೋವು ಕಾಣಿಸಿಕೊಂಡರಂತೂ ಈ ಪರೀಕ್ಷೆಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.